ಇರಲಿ ಎಂಬ ಭಾರ

ಬೆಟ್ಟವನ್ನೂ ಹತ್ತಬೇಕು, ಇಳಿದ ಮೇಲೆ ಗಾಳವನ್ನೂ ಹಾಕಬೇಕು ಎಂದು ಹೊರಡುವವರ ಚೀಲದಲ್ಲಿ ಎಲ್ಲಕ್ಕಿಂತ ಭಾರದ್ದು ‘ಇರಲಿ’ ಎಂಬ ಮಾತು. ಇನ್ನೊಂದು ಟಾರ್ಚ್? ಇರಲಿ. ಸ್ವೆಟರ್? ಚಳಿಯಾದರೆ, ಇರಲಿ. ಹನ್ನೆರಡು ನಮೂನೆಯ ಗಾಳ? ಯಾವ ಮೀನು ಬರುತ್ತೋ ಏನೋ, ಇರಲಿ. ಮೆಜೆಸ್ಟಿಕ್‌ನಲ್ಲಿ ಮಾಗಡಿ ಬಸ್ಸು ಹತ್ತುವಾಗ ಹಗುರವೆನಿಸಿದ ಚೀಲ ಸಾವನದುರ್ಗದ ಬಂಡೆ ಅರ್ಧ ಏರುವಷ್ಟರಲ್ಲಿ ಹೆಗಲು ಕೊರೆಯುತ್ತದೆ.

ನೀರಿನಲ್ಲಿ ಮಾತ್ರ ಜಿಪುಣತನ ಬೇಡ. ಲೀಟರಿಗೆ ಒಂದು ಕೆಜಿ, ಅಲ್ಲಿ ಚೌಕಾಸಿ ನಡೆಯದು. ನೆರಳಿಲ್ಲದ ಬಂಡೆಗೆ ತಲೆಗೆ ಮೂರು ಲೀಟರ್ ಬೇಕೇ ಬೇಕು. ಆ ಮೂರು ಕೆಜಿಗೆ ಜಾಗ ಬಿಡಲೆಂದೇ ಉಳಿದದ್ದನ್ನು ಕಳೆಯುವುದು. ಮೊದಲು ಹೋಗಬೇಕಾದದ್ದು ಜೀನ್ಸ್: ಒದ್ದೆಯಾದರೆ ಸಂಜೆಯವರೆಗೂ ಆರುವುದಿಲ್ಲ. ದಪ್ಪ ಟರ್ಕಿ ಟವೆಲೂ ಹೋಗಲಿ. ತೆಳು ಹತ್ತಿಯ ಟವೆಲು ತಲೆಗೆ ಸುತ್ತಲೂ ಆಗುತ್ತದೆ, ಜಾರುವ ಮೀನು ಹಿಡಿಯಲೂ ಆಗುತ್ತದೆ.

ಎರಡು ತುಂಡಿನ ಉದ್ದ ಗಾಳದ ರಾಡು ಬಸ್ಸಿನಲ್ಲಿ ಪಕ್ಕದವರ ಕಣ್ಣಿಗೆ, ಕುರುಚಲಿನಲ್ಲಿ ಕೊಂಬೆಗೆ ತಾಗುತ್ತದೆ. ಒಂದರೊಳಗೊಂದು ಸೇರುವ ಟೆಲಿಸ್ಕೋಪಿಕ್ ರಾಡು ಚೀಲದೊಳಗೇ ಕೂರುತ್ತದೆ. ಅದರ ರೋಗ ಮರಳು. ಕೀಲಿನಲ್ಲಿ ಎರಡು ಕಾಳು ಕೂತರೂ ಸಾಕು, ಮಡಚಲು ಹಠ ಮಾಡುತ್ತದೆ. ಆಗ ತುದಿಯಿಂದ ಒತ್ತಿದರೆ ಸಣ್ಣ ಕಡ್ಡಿ ಲಟಕ್ಕನೆ ಮುರಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮೆಲ್ಲಗೆ ತಿರುಗಿಸಿ, ದಪ್ಪ ಬುಡದಿಂದ ಮಡಚುತ್ತ ಬನ್ನಿ.

ನಿಜ ಹೇಳಬೇಕೆಂದರೆ, ದಡದಿಂದ ಸಣ್ಣ ಜಿಲೇಬಿ ಮೀನು ಹಿಡಿಯುವುದಕ್ಕೆ ರಾಡೂ ‘ಇರಲಿ’ಯೇ. ಗೀರುಗಳಿಲ್ಲದ, ನುಣುಪಾದ ಅರ್ಧ ಲೀಟರ್ ಬಾಟಲಿ ಸಾಕು. 0.35 ಮಿ.ಮೀ. ನೈಲಾನ್ ದಾರ ಮೂವತ್ತು ಮೀಟರ್, ಒಂದು ತುದಿ ಬಾಟಲಿಗೆ ಗಟ್ಟಿ ಕಟ್ಟಿ ಸುತ್ತಿಡಿ. ಮುಚ್ಚಳ ಬಿಗಿಯಿರಲಿ, ಇಲ್ಲದಿದ್ದರೆ ದಾರದ ಬಿಗಿತಕ್ಕೆ ಬಾಟಲಿಯೇ ನಜ್ಜುಗುಜ್ಜಾಗುತ್ತದೆ. ಎಸೆಯುವಾಗ ಬಾಟಲಿಯ ಬಾಯಿ ನೀರಿನ ಕಡೆಗಿದ್ದರೆ ಸುರುಳಿ ಸರಾಗವಾಗಿ ಬಿಚ್ಚಿಕೊಳ್ಳುತ್ತದೆ, ಅಡ್ಡ ಹಿಡಿದರೆ ಸಿಕ್ಕಾಗುತ್ತದೆ. ದಾರವನ್ನು ಕೈಗೆ ಮಾತ್ರ ಸುತ್ತಿಕೊಳ್ಳಬೇಡಿ. ದೊಡ್ಡದೊಂದು ಎಳೆದರೆ ಬೆರಳು ಕುಯ್ಯುತ್ತದೆ.

ಗಾಳಗಳಿಗೆ ಹೋಮಿಯೋಪತಿ ಗುಳಿಗೆಯ ಖಾಲಿ ಶೀಷೆಗಿಂತ ಒಳ್ಳೆಯ ಪೆಟ್ಟಿಗೆ ಇಲ್ಲ. ಎರಡು ಅಳತೆ, ಐದೈದು. ದಾರ ಮುಳುಗಿಸುವ ಸೀಸದ ಗುಂಡಿನ ಬದಲು ಹಾರ್ಡ್‌ವೇರ್ ಅಂಗಡಿಯ ಕಬ್ಬಿಣದ ನಟ್. ಅದನ್ನು ಮುಖ್ಯ ದಾರಕ್ಕಿಂತ ತೆಳುವಾದ ದಾರದಲ್ಲಿ ನೇತುಹಾಕಿದರೆ ಬಂಡೆ ಸಂದಿಗೆ ಸಿಕ್ಕಾಗ ನಟ್ ಮಾತ್ರ ಹೋಗುತ್ತದೆ, ಗಾಳ ಉಳಿಯುತ್ತದೆ. ಗಂಟನ್ನು ಬಿಗಿಯುವ ಮುಂಚೆ ಎಂಜಲು ಹಚ್ಚಿ. ಒಣಗಂಟು ಉಜ್ಜಿದ ಬಿಸಿಗೆ ನೈಲಾನ್ ಅಲ್ಲೇ ಬಡವಾಗುತ್ತದೆ. ದಾರ ಕತ್ತರಿಸಲು ನೇಲ್ ಕಟರ್. ಚೂರಿ ತಂದರೆ ಮೆಟ್ರೋ ತಪಾಸಣೆಯಲ್ಲೇ ಪ್ರವಾಸ ಮುಗಿದೀತು.

ಎರೆಗೆ ರಾಗಿ ಹಿಟ್ಟು ಒಂದು ಹಿಡಿ. ಊಟದ ಮುದ್ದೆ ನೀರಿಗೆ ಬಿದ್ದೊಡನೆ ಕರಗುತ್ತದೆ. ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಗೋಲಿಯಷ್ಟು ಉಂಡೆ ಮಾಡಿ, ಕುದಿನೀರಿನಲ್ಲಿ ರಬ್ಬರಿನಂತಾಗುವವರೆಗೆ ಬೇಯಿಸಿದರೆ ಗಾಳಕ್ಕೆ ಅಂಟಿಕೊಂಡೇ ಇರುತ್ತದೆ.

ಎಲ್ಲಿ ಹಾಕುವುದು ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿ. ಸಂಗಮ, ಮೇಕೆದಾಟು ಕಾವೇರಿ ವನ್ಯಧಾಮದೊಳಗಿವೆ, ಅಲ್ಲಿ ಗಾಳ ಹಾಕುವಂತಿಲ್ಲ. ಆ ನದಿಯ ಬೆನ್ನುಬ್ಬಿದ ಮಹಶೀರ್ ಮೀನು ಅಳಿವಿನ ಅಂಚಿನಲ್ಲಿದೆ. ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಗುತ್ತಿಗೆ ಹೋಗಿರುತ್ತದೆ, ಗುತ್ತಿಗೆದಾರರನ್ನು ಕೇಳದೆ ದಾರ ಬಿಚ್ಚಬೇಡಿ. ಮಂಚನಬೆಲೆ ಜಲಾಶಯದಲ್ಲಿ ಈಜು ಪ್ರಾಣಕ್ಕೆ ಬಂದೀತು.

ಮನೆಗೆ ಬಂದ ರಾತ್ರಿಯೇ ಚೀಲವನ್ನು ನೆಲಕ್ಕೆ ಸುರಿದು, ಮುಟ್ಟದೆ ಬಂದದ್ದನ್ನು ಬೇರೆ ಗುಡ್ಡೆ ಮಾಡಿ. ಗಾಯದ ಪಟ್ಟಿ, ಒಂದು ಟಾರ್ಚ್, ಮಳೆಗೆ ಹೊದೆಯುವ ಪ್ಲಾಸ್ಟಿಕ್ ಹಾಳೆ ವಾಪಸ್ ಚೀಲಕ್ಕೆ. ಸ್ವೆಟರ್ ಬೀರುವಿಗೆ.