ಬಂಗುಡೆ ಮುಳ್ಳು ಮತ್ತು ಪರೀಕ್ಷೆ

ರೇಡಿಯಾಲಜಿ, ಅಂದರೆ ಎಕ್ಸ್‌ರೇ, ಸ್ಕ್ಯಾನ್ ನೋಡಿ ರೋಗ ಗುರುತಿಸುವ ವಿಭಾಗದ ಪಿಜಿ ವಿದ್ಯಾರ್ಥಿಗಳ ಪರೀಕ್ಷೆಗೆ ನಾಲ್ಕು ಆಯ್ಕೆಯ ಪ್ರಶ್ನೆಗಳೇ ಸಾಕು, ಎದುರು ಕೂರಿಸಿ ಎಕ್ಸ್‌ರೇ ಫಿಲ್ಮ್ ತೋರಿಸಿ ಕೇಳುವುದು ಹಳೇ ಕಾಲದ್ದು ಎಂದು ಒಂದು ಲೇಖನದಲ್ಲಿ ಲೇಖಕರು ಬರೆದಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಮಂಗಳೂರಿನಲ್ಲಿ ಇದೇ ಕೆಲಸ ಮಾಡಿಕೊಂಡಿರುವವನು ನಾನು.

ನನ್ನ ಎಂಡಿ ಪರೀಕ್ಷೆಯಲ್ಲಿ ಒಂದು ಎದೆಯ ಎಕ್ಸ್‌ರೇ ಕೊಟ್ಟಿದ್ದರು. ಬಲಗಡೆ ಶ್ವಾಸಕೋಶದ ಬುಡದಲ್ಲಿ ನೀರು ತುಂಬಿದ್ದು ಎದ್ದು ಕಾಣುತ್ತಿತ್ತು. ಖುಷಿಯಲ್ಲಿ ಹೇಳಿ ಮುಗಿಸಿದೆ. ಪರೀಕ್ಷಕರು "ಮತ್ತೆ?" ಎಂದರು. ನಾನು ಸುಮ್ನೆ ನಿಂತೆ. ಅವರು ಪೆನ್ನಿನ ತುದಿಯಿಂದ ತೋರಿಸಿದರು. ಬಲಗಡೆ ಸ್ತನದ ನೆರಳಿದೆ, ಎಡಗಡೆ ಇಲ್ಲ. ಅಂದರೆ ಎಡ ಸ್ತನ ತೆಗೆದ ಆಪರೇಷನ್ ಆಗಿದೆ, ಬಹುಶಃ ಕ್ಯಾನ್ಸರ್‌ಗೆ. ನೀರು ಯಾಕೆ ತುಂಬಿತು ಎನ್ನುವ ಸುಳಿವು ಅಲ್ಲೇ ಇತ್ತು! ಒಂದು ದೋಷ ಸಿಕ್ಕಿದ ಕೂಡಲೇ ಕಣ್ಣು ಹುಡುಕುವುದನ್ನು ನಿಲ್ಲಿಸಿಬಿಡುತ್ತದೆ. ಆಯ್ಕೆ ಕೊಟ್ಟಿದ್ದರೆ ಟಿಕ್ ಹಾಕಿ ಬರುತ್ತಿದ್ದೆ, ಅಲ್ವಾ?

ಆದರೆ ನಾಲ್ಕೈದು ಫಿಲ್ಮಿನಲ್ಲಿ ಎದೆ, ಹೊಟ್ಟೆ, ಮೂಳೆ, ಮೆದುಳು ಎಲ್ಲ ಮುಗಿಯುವುದಿಲ್ಲ, ಲೇಖಕರ ಆ ಮಾತು ಸರಿ. ಅದಕ್ಕೆ ಲಿಖಿತ ಪ್ರಶ್ನೆ ಇರಲಿ. ಯಾವುದಕ್ಕೆ ಯಾವ ಸ್ಕ್ಯಾನ್ ಎಂದೂ ಕೇಳಲಿ. ಪಿತ್ತಕೋಶದ ಕಲ್ಲು ಹೆಚ್ಚಿನವು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅಲ್ಟ್ರಾಸೌಂಡ್ ಬೇಕು. ಇನ್ನು ನಮ್ಮ ಊರಿನಲ್ಲಿ ಗಂಟಲಿಗೆ ಬಂಗುಡೆ ಮೀನಿನ ಮುಳ್ಳು ಸಿಕ್ಕಿಸಿಕೊಂಡು ಬರುವವರಿಗೆ ಬರವೇ? ಸಣ್ಣ ಮುಳ್ಳು ಎಕ್ಸ್‌ರೇಯಲ್ಲಿ ಕಾಣದೇ ಹೋಗುವುದೇ ಜಾಸ್ತಿ. "ನಾರ್ಮಲ್" ಎಂದು ಬರೆದು ಮನೆಗೆ ಕಳಿಸುವ ಮೊದಲು ಸಿಟಿ ಸ್ಕ್ಯಾನ್ ನೆನಪಾಗಬೇಕು. ಈ ಪ್ರಶ್ನೆಯನ್ನು ಯಾವ ಪ್ರಶ್ನೆಪತ್ರಿಕೆಯಲ್ಲೂ ನಾನಂತೂ ನೋಡಿಲ್ಲ.