ತಾಯಂದಿರ ದಿನ ಎಲ್ಲ ದೇಶಗಳಿಗೂ ಒಂದೇ ಅಲ್ಲ
ಮೇ ತಿಂಗಳ ಎರಡನೇ ಭಾನುವಾರವೇ ಇಡೀ ಜಗತ್ತಿಗೆ ತಾಯಂದಿರ ದಿನವೆಂದೂ, ಶುಭಾಶಯ ಪತ್ರ ಮಾರುವ ಕಂಪನಿಗಳು ಅದನ್ನು ಹುಟ್ಟುಹಾಕಿದವೆಂದೂ ಹೇಳುವ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದ್ದು, ಎರಡೂ ಮಾತು ತಪ್ಪು. 1905ರಲ್ಲಿ ತೀರಿಕೊಂಡ ತಾಯಿಯ ನೆನಪಿಗಾಗಿ ಆನ್ನಾ ಜಾರ್ವಿಸ್ ಅವರು 1908ರ ಮೇ 10ರಂದು ಅಮೆರಿಕದ ಗ್ರಾಫ್ಟನ್ ಪಟ್ಟಣದ ಚರ್ಚಿನಲ್ಲಿ ಏರ್ಪಡಿಸಿದ ಪ್ರಾರ್ಥನೆಯಿಂದ ಮೇ ತಿಂಗಳ ಈ ಆಚರಣೆ ಬೆಳೆಯಿತು. 1914ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಅದಕ್ಕೆ ಅಧಿಕೃತ ಮನ್ನಣೆ ನೀಡಿದರು. ವ್ಯಾಪಾರ ಆಮೇಲೆ ಅಂಟಿಕೊಂಡಿತು, ಅದರ ವಿರುದ್ಧ ವರ್ಷಗಟ್ಟಲೆ ಹೋರಾಡಿದವರು ಸ್ವತಃ ಜಾರ್ವಿಸ್ ಎಂಬುದನ್ನು ಸಂದೇಶ ಬರೆದವರು ಗಮನಿಸಿದಂತಿಲ್ಲ. ಬ್ರಿಟನ್ನಿನಲ್ಲಿ ಈಸ್ಟರ್‌ಗೆ ಮೂರು ವಾರ ಮೊದಲಿನ ಭಾನುವಾರ, ಈಜಿಪ್ಟಿನಲ್ಲಿ ಮಾರ್ಚ್ 21, ಥಾಯ್ಲೆಂಡಿನಲ್ಲಿ ರಾಣಿ ಸಿರಿಕಿಟ್ ಹುಟ್ಟಿದ ಆಗಸ್ಟ್ 12 ತಾಯಂದಿರಿಗೆ ಮೀಸಲು. ಮೆಕ್ಸಿಕೊದಲ್ಲಂತೂ ಯಾವ ವಾರವೇ ಬರಲಿ, ಮೇ 10ರಂದೇ.