ದಿನಾ ನೀರು ಹಾಕಿದರೆ ಎಲೆಯೇ ಜಾಸ್ತಿ

‘ಬೋಗನ್‌ವಿಲ್ಲಾ ಹೂ ಬಿಡದಿದ್ದರೆ ದಿನಾ ನೀರು ಹಾಕಿ, ತಿಂಗಳಿಗೊಮ್ಮೆ ಯೂರಿಯಾ ಕೊಡಿ’ ಎಂದು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಯೂರಿಯಾದಲ್ಲಿ 46% ಸಾರಜನಕ ಇರುತ್ತದೆ. ಅದರಿಂದ ಎಲೆ, ಬಳ್ಳಿ ಬೆಳೆಯುತ್ತವೆ, ಹೂವಲ್ಲ. ಧಾರವಾಡದ ನಮ್ಮ ಮನೆ ತಾರಸಿಯಲ್ಲಿ ಎರಡು ವರ್ಷ ನಾನೂ ಹೀಗೇ ಮಾಡಿದ್ದೆ. ಕುಂಡದ ಗಿಡ ಹಸಿರಾಗಿ ಹಬ್ಬಿತೇ ಹೊರತು ಬಣ್ಣ ಕಾಣಲಿಲ್ಲ. ಮೂರನೇ ವರ್ಷ ಮಳೆಗಾಲ ಮುಗಿದ ಮೇಲೆ ಕೊಂಬೆಗಳನ್ನು ಕತ್ತರಿಸಿದೆ. ಚಿಗುರು ಬಂದ ಮೇಲೆ, ಮಣ್ಣು ಒಣಗಿ ಎಲೆ ಸ್ವಲ್ಪ ಬಾಡಿದಾಗ ಮಾತ್ರ ನೀರು ಹಾಕಿದೆ. ಜನವರಿ ಹೊತ್ತಿಗೆ ಚಿಗುರಿನ ತುದಿಯಲ್ಲೆಲ್ಲ ರಾಣಿ ಬಣ್ಣ! ಹೆದ್ದಾರಿಯ ಡಿವೈಡರ್‌ಗಳಲ್ಲಿ ನೋಡಿ, ದಿನಾ ನೀರು ಹಾಕುವವರಿಲ್ಲದಿದ್ದರೂ ಸುಡು ಬಿಸಿಲಲ್ಲಿ ಎಷ್ಟು ಚೆಂದ ಅರಳಿರುತ್ತದೆ, ಅಲ್ವಾ? ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕೇ ಬೇಕು. ನೆರಳಲ್ಲಿಟ್ಟು ಗೊಬ್ಬರ ಸುರಿದರೆ ಪ್ರಯೋಜನವಿಲ್ಲ.

ಇನ್ನೊಂದು ಮಾತು. ಹೂವಿನ ಬಣ್ಣದ ಭಾಗವನ್ನು ನೀವು ‘ದಳ’ ಎಂದಿದ್ದೀರಿ. ಅದು ದಳವಲ್ಲ, ಬಣ್ಣ ತಿರುಗಿದ ಎಲೆ. ಅದಕ್ಕೇ ಅದು ಕಾಗದದಂತೆ ತೆಳ್ಳಗೆ, ಬಾಡದೆ ವಾರಗಟ್ಟಲೆ ನಿಲ್ಲುತ್ತದೆ. ನಿಜವಾದ ಹೂ ಅದರ ನಡುವಿನ ಪುಟ್ಟ ಬಿಳಿ ಕೊಳವೆ. ಒಂದೊಂದು ಗೊಂಚಲಲ್ಲೂ ಮೂರು. ಹತ್ತಿರ ಹೋಗಿ ನೋಡಿ, ತುಂಬಾ ಮುದ್ದಾಗಿದೆ.